ವೆರಿಬೀಯ ಗ್ಯಾರೇಜಿನಲ್ಲಿ ಒಂದು ರೋಮನ್ ಕುಡಿಕೆ

ಹೋದ ತಿಂಗಳು ಸಿಡ್ನಿಯ ಪ್ಯಾರಮಟ್ಟಾದಲ್ಲಿ ಗೆಳತಿಯೊಬ್ಬಳ ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ಕೂತಿದ್ದೆವು. ಅವಳು ಹೊಸದಾಗಿ ತಂದ ಮಣ್ಣಿನ ಕುಂಡಗಳನ್ನು ಬಕೆಟ್ಟಿನಲ್ಲಿ ನೆನೆಹಾಕಿ ಒಂದೊಂದಾಗಿ ಹೊರತೆಗೆಯುತ್ತಿದ್ದಳು. ಸುಟ್ಟ ಮಣ್ಣು ನೀರು ಕುಡಿದಾಗ ಬರುವ ವಾಸನೆ ಬಾಲ್ಕನಿಯನ್ನು ತುಂಬಿತು. ಅಲ್ಲಿದ್ದವರೆಲ್ಲ ಮೂಗರಳಿಸಿ, ಊರಿನ ಮೊದಲ ಮಳೆ ನೆನಪಾಗುತ್ತದೆ ಎಂದರು. ನನಗೆ ಅಲ್ಲಿ ಕೂರಲಾಗಲಿಲ್ಲ. ಎದ್ದು ಬಾತ್‌ರೂಮಿಗೆ ಹೋಗಿ, ನಲ್ಲಿ ತಿರುಗಿಸಿ, ಬೇಸಿನ್ನಿನ ಅಂಚು ಹಿಡಿದು ಸ್ವಲ್ಪ ಹೊತ್ತು ನಿಂತೆ. ವಾಂತಿಯಾಗಲಿಲ್ಲ. ಯಾವತ್ತೂ ಆಗುವುದಿಲ್ಲ. ಒಂದು ಕಾಲಕ್ಕೆ ಈ ವಾಸನೆ ನನಗೂ ಪ್ರಿಯವಾಗಿತ್ತು. ಅದು ಕೆಟ್ಟದ್ದು ಮೂರು ಚಳಿಗಾಲಗಳ ಹಿಂದೆ, ಮೆಲ್ಬರ್ನಿನ ವೆರಿಬೀಯಲ್ಲಿ, ವಾದಿರಾಜ ಅಂಕಲ್ ಅವರ ಗ್ಯಾರೇಜಿನಲ್ಲಿ. ನಾನು ಕಂಡದ್ದನ್ನು, ಕಂಡಷ್ಟನ್ನೇ, ಬರೆಯುತ್ತೇನೆ.

ನಾನು ಮೈಸೂರಿನಲ್ಲಿ ಪ್ರಾಚೀನ ಇತಿಹಾಸ ಮತ್ತು ಪುರಾತತ್ವದಲ್ಲಿ ಎಂ.ಎ. ಮಾಡಿದವಳು. ಓದುವಾಗ ಒಂದು ಬೇಸಿಗೆ ಉತ್ಖನನದ ಗುಂಡಿಯ ಪಕ್ಕ ಕೂತು ಬುಟ್ಟಿಗಟ್ಟಲೆ ಬೋಕಿಗಳನ್ನು, ಅಂದರೆ ಒಡೆದ ಮಡಕೆಯ ಚೂರುಗಳನ್ನು, ತೊಳೆದು ವಿಂಗಡಿಸಿದ್ದೆ. ಅವುಗಳಲ್ಲಿ ಒಂದು ಮಾತ್ರ ರೋಮಿನ ಕಡೆಯಿಂದ ಹಡಗಿನಲ್ಲಿ ಬಂದ ಉದ್ದ ಜಾಡಿಯ ಹಿಡಿ. ಆ ಒಂದು ಚೂರಿಗಾಗಿ ನಮ್ಮ ಮೇಷ್ಟ್ರು ಇಡೀ ಗುಂಪಿಗೆ ಮೈಸೂರ್ ಪಾಕ್ ಹಂಚಿದ್ದರು. ಮದುವೆಯಾಗಿ ಹರೀಶನ ಜೊತೆ ಸಿಡ್ನಿಗೆ ಬಂದ ಮೇಲೆ ಅದೆಲ್ಲ ಮುಗಿಯಿತು. ನಾರ್ತ್ ಸಿಡ್ನಿಯ ಒಂದು ಆಫೀಸಿನಲ್ಲಿ ಹೆಡ್‌ಸೆಟ್ ಹಾಕಿಕೊಂಡು, ಮನೆಯ ಮಾರ್ಟ್‌ಗೇಜ್ ಸಾಲ ಕಟ್ಟಲಾಗದವರ ಸಿಟ್ಟನ್ನು ಕೇಳಿಸಿಕೊಳ್ಳುವ ಕೆಲಸ ನನ್ನದಾಯಿತು. ಪುರಾತತ್ವ ಓದಿದ್ದೇನೆ ಎಂದರೆ ಸಂದರ್ಶನದಲ್ಲಿ ನಗುತ್ತಿದ್ದರು. ಕ್ರಮೇಣ ಅದನ್ನು ಹೇಳುವುದನ್ನೇ ಬಿಟ್ಟೆ.

ವಾದಿರಾಜ ಅಂಕಲ್ ಸಿಕ್ಕಿದ್ದು ಸಿಡ್ನಿಯ ಒಂದು ಯುಗಾದಿ ಊಟದಲ್ಲಿ. ಉಡುಪಿಯ ಕಡೆಯವರು, ಮೆಲ್ಬರ್ನಿನಲ್ಲಿ ಬಹಳ ವರ್ಷ ಕಂಪ್ಯೂಟರ್ ಕೆಲಸ ಮಾಡಿ ನಿವೃತ್ತರಾದವರು. ಆಮೇಲೆ ಶಾಲೆಗಳಿಗೆ ಪೆಟ್ಟಿಗೆ ಕಳಿಸುವ ಸಣ್ಣ ಕಂಪನಿ ತೆರೆದಿದ್ದರು. ಪೆಟ್ಟಿಗೆಯೊಳಗೆ ಮಕ್ಕಳು ಮುಟ್ಟಿ ನೋಡಬಹುದಾದ ಪಳೆಯುಳಿಕೆ, ಚಿಪ್ಪು, ಹಳೆಯ ನಾಣ್ಯದ ಅಚ್ಚು ಇಂಥವು ಇರುತ್ತಿದ್ದವು. ಬಿಳಿ ಕೂದಲು, ತಗ್ಗಿದ ದನಿ. ಬಡಿಸುವವರ ಹೆಸರನ್ನೆಲ್ಲ ಕೇಳಿ ನೆನಪಿಟ್ಟುಕೊಳ್ಳುವ ಮನುಷ್ಯ. ಬ್ರಿಟನ್ನಿನಿಂದ ವಲಸೆ ಬಂದು ಇಲ್ಲೇ ತೀರಿಕೊಂಡ ಒಬ್ಬ ಡಾಕ್ಟರರ ಮನೆಯ ಸಾಮಾನುಗಳ ಹರಾಜಿನಲ್ಲಿ ಅವರು ರೋಮನ್ ಮಡಕೆಗಳ ಕೆಲವು ಪೆಟ್ಟಿಗೆಗಳನ್ನು ಕೊಂಡಿದ್ದರು. ಯಾವುದು ಏನೆಂದು ಗುರುತಿಸಿ ದಾಖಲಿಸುವವರು ಬೇಕಿತ್ತು. ನಾನು ಏನು ಓದಿದ್ದು ಎಂದು ಕೇಳಿ ತಿಳಿದಾಗ ಅವರು ಎಲೆಯ ಮುಂದೆಯೇ ಕೈ ಜೋಡಿಸಿದರು. ಒಂದು ಚಳಿಗಾಲ ಅವರ ಮನೆಯಲ್ಲೇ ಇದ್ದು ಕೆಲಸ ಮುಗಿಸಿಕೊಟ್ಟರೆ, ಮುಂದೆ ಸಿಡ್ನಿಯಲ್ಲಿ ಒಂದು ಶಾಖೆ ತೆರೆದು ನನ್ನ ಕೈಗೆ ಕೊಡುವುದೆಂದು ಮಾತಾಯಿತು. ಮಗಳು ದಿತಿ ಆಗ ಮೂರನೆಯ ತರಗತಿಯಲ್ಲಿದ್ದಳು. ಹರೀಶ ಅವಳನ್ನು ನೋಡಿಕೊಳ್ಳುತ್ತೇನೆಂದ. ನಾನು ಹೆಡ್‌ಸೆಟ್ ವಾಪಸು ಕೊಟ್ಟು ಬಂದೆ. ಓದಿದ ವಿದ್ಯೆಗೆ ಮತ್ತೆ ಹೆಸರು ಬರುತ್ತದೆ ಎಂಬುದೊಂದೇ ಆಸೆ. ಅದು ಸಣ್ಣದೇನೂ ಆಗಿರಲಿಲ್ಲ.

ವೆರಿಬೀಯ ಚಳಿ ಸಿಡ್ನಿಯದ್ದರಂತಲ್ಲ. ಬಯಲು ಊರು, ತಡೆಯಲು ಗುಡ್ಡವಿಲ್ಲ, ಸಮುದ್ರದ ಕಡೆಯಿಂದ ಬರುವ ಗಾಳಿ ಗ್ಯಾರೇಜಿನ ಬಾಗಿಲಿನ ಕೆಳಗಿಂದ ನುಗ್ಗಿ ಕಾಲನ್ನು ಕೊರೆಯುತ್ತಿತ್ತು. ಕೆಲವು ದಿನ ಗಾಳಿ ನಗರದ ಕೊಳಚೆಯನ್ನು ಶುದ್ಧ ಮಾಡುವ ಹೊಂಡಗಳ ಮೇಲಿಂದ ಬರುತ್ತಿತ್ತು. ಆಗ ಜಲಜಾ ಆಂಟಿ, ಅಂದರೆ ಅಂಕಲ್ ಅವರ ಹೆಂಡತಿ, ಕಿಟಕಿಗಳನ್ನೆಲ್ಲ ಹಾಕಿ ಊದುಬತ್ತಿ ಹಚ್ಚುತ್ತಿದ್ದರು. ಮನೆ ಕೊಳ್ಳುವಾಗ ಗಾಳಿ ಆ ಕಡೆಯಿಂದ ಇರಲಿಲ್ಲ, ಏಜೆಂಟ್ ದಿನ ನೋಡಿ ಕರೆದಿದ್ದ ಎಂದು ನಗುತ್ತಿದ್ದರು.

ಗ್ಯಾರೇಜಿನಲ್ಲಿ ಕಾರು ಇರಲಿಲ್ಲ. ಒಂದು ಪಕ್ಕ ನನ್ನ ಮೇಜು, ದೀಪ, ಪೆಟ್ಟಿಗೆಗಳು. ಇನ್ನೊಂದು ಪಕ್ಕ ಆಂಟಿಯ ಕರಿಬೇವು. ಮೆಲ್ಬರ್ನಿನ ಚಳಿಗೆ ಕರಿಬೇವು ಹೊರಗೆ ಬದುಕುವುದಿಲ್ಲ. ದೊಡ್ಡ ಕುಂಡದಲ್ಲಿ ಆಳೆತ್ತರ ಬೆಳೆದಿದ್ದ ಆ ಗಿಡವನ್ನು ಚಳಿಗಾಲ ಬಂದೊಡನೆ ಒಳಗೆ ಎಳೆದು, ಪ್ಲಾಸ್ಟಿಕ್ ಹಾಳೆ ಸುತ್ತಿ, ಒಂದು ಬಲ್ಬು ಉರಿಸಿ ಕಾಪಾಡುತ್ತಿದ್ದರು. ಅಂಗಡಿಯಲ್ಲಿ ನಾಲ್ಕು ಎಸಳಿಗೆ ಕೇಳುವ ಬೆಲೆ ಗೊತ್ತಿದ್ದ ಸುತ್ತಲಿನ ಕನ್ನಡದ ಮನೆಯವರೆಲ್ಲ ವಾರಕ್ಕೊಮ್ಮೆ ಬಂದು ಆಂಟಿಯ ಕೈಯಿಂದ ಒಂದೊಂದು ಕಡ್ಡಿ ಒಯ್ಯುತ್ತಿದ್ದರು. ಅವರವರ ಮನೆಯ ಗಿಡಗಳು ಎಲೆ ಉದುರಿಸಿ ನಿಂತಿದ್ದಾಗ ಈ ಗಿಡ ಮಾತ್ರ ಹೊಳೆಯುವ ಎಲೆ ಬಿಟ್ಟಿತ್ತು. ಎಂತ ಹಾಕ್ತೀರಿ ಎಂದು ಕೇಳಿದವರಿಗೆ ಆಂಟಿ ಹುಳಿ ಮಜ್ಜಿಗೆ ಎಂದು ಹೇಳಿ ಮುಗುಳ್ನಗುತ್ತಿದ್ದರು.

ಮೊದಲ ಕೆಲವು ವಾರಗಳು ಸಂತೋಷದಲ್ಲೇ ಕಳೆದವು. ಕೆಲಸ ನಿಧಾನದ್ದು. ಚೂರನ್ನು ಎತ್ತಿಕೊಂಡು ಮೊದಲು ಅದು ಮಡಕೆಯ ಯಾವ ಭಾಗ ಎಂದು ನೋಡಬೇಕು: ಬಾಯಿಯ ಅಂಚೋ, ತಳವೋ, ಹಿಡಿಯೋ, ಹೊಟ್ಟೆಯೋ. ಅಂಚಾದರೆ ಒಂದರೊಳಗೊಂದು ವೃತ್ತ ಬರೆದ ಹಾಳೆಯ ಮೇಲೆ ಇಟ್ಟು, ಅದರ ಬಾಗು ಯಾವ ವೃತ್ತಕ್ಕೆ ಕೂಡುತ್ತದೆಂದು ನೋಡಿದರೆ ಮಡಕೆಯ ಬಾಯಿ ಎಷ್ಟು ಅಗಲವಿತ್ತೆಂದು ತಿಳಿಯುತ್ತದೆ. ಒಡಕಿನ ಮೇಲೆ ಒಂದು ಹನಿ ನೀರು ಬಿಟ್ಟರೆ ಮಣ್ಣಿನ ಬಣ್ಣ ಏಳುತ್ತದೆ, ಮರಳೋ ಚಿಪ್ಪಿನ ಪುಡಿಯೋ ಅಭ್ರಕವೋ ಕಾಣುತ್ತದೆ. ಆಗಲೇ ಆ ವಾಸನೆಯೂ ಏಳುವುದು. ಕೆಂಪು ಹೊಳಪಿನ ಊಟದ ಬಟ್ಟಲಿನ ಚೂರುಗಳಿದ್ದವು, ಬೆರಳಿಟ್ಟರೆ ಉಗುರಿನಷ್ಟು ನುಣುಪು. ಒಂದು ಜಾಡಿಯ ಹಿಡಿಯ ಬುಡದಲ್ಲಿ ಕುಂಬಾರನ ಹೆಬ್ಬೆರಳಿನ ಗುರುತು ಇತ್ತು. ನನ್ನ ಹೆಬ್ಬೆರಳು ಅದರಲ್ಲಿ ಸರಿಯಾಗಿ ಕೂತಿತು. ಆ ಸಂಜೆ ಫೋನಿನಲ್ಲಿ ದಿತಿಗೆ ಹೇಳಿದೆ. ಅವಳು "ಕೂಲ್" ಎಂದು ಹೇಳಿ ಫೋನನ್ನು ಅಪ್ಪನಿಗೆ ಕೊಟ್ಟಳು.

ಆಂಟಿಗೆ ಚೂರುಗಳ ಬಗ್ಗೆ ಒಂದೇ ಪ್ರಶ್ನೆ ಇತ್ತು: ಅವುಗಳಲ್ಲಿ ಏನು ಬೇಯಿಸುತ್ತಿದ್ದರು. ಮಾಂಸ, ಗಂಜಿ ಎಲ್ಲವೂ ಎಂದೆ. ಈ ಜಾಡಿಯಲ್ಲಿ ಮೀನನ್ನು ಬಿಸಿಲಿಗೆ ಕೊಳೆಸಿ ಮಾಡಿದ ರಸ ಬರುತ್ತಿತ್ತು ಎಂದೂ ಬಾಯಿತಪ್ಪಿ ಹೇಳಿಬಿಟ್ಟೆ. ಆ ದಿನದಿಂದ ಚೂರು ತೊಳೆಯಲು ಬೇರೆ ಬಕೆಟ್, ಬೇರೆ ಬ್ರಷ್. ನಾನು ಒಳಗೆ ಬರುವ ಮೊದಲು ಹಿತ್ತಲ ನಲ್ಲಿಯಲ್ಲಿ ಕೈಕಾಲು ತೊಳೆಯುವ ಕ್ರಮ ಬಂತು. ಮಣ್ಣಿನ ಪಾತ್ರೆಗೆ ಮುಸುರೆ ಅಂಟಿದರೆ ಹೋಗುವುದಿಲ್ಲ, ಎಷ್ಟು ವರ್ಷವಾದರೂ ಎಂದರು. ನನಗೆ ಬೇಸರವೇನೂ ಆಗಲಿಲ್ಲ. ಒಳಗೆ ಬಿಸಿ ಅನ್ನ, ತೊಗರಿ ಸಾರು, ಕರಿಬೇವಿನ ತಂಬುಳಿ ಕಾಯುತ್ತಿದ್ದವು. ಹಸಿ ಎಲೆಯನ್ನು ತೆಂಗಿನಕಾಯಿಯ ಜೊತೆ ರುಬ್ಬಿ ಮಜ್ಜಿಗೆ ಸೇರಿಸಿ ಮಾಡುವ ಅದನ್ನು ಅವರು ಬಟ್ಟಲಿಗೆ ಹಾಕಿ, ಕುಡಿ, ಚಳಿಗೆ ಹೊಟ್ಟೆ ಕೆಡುವುದಿಲ್ಲ ಎನ್ನುತ್ತಿದ್ದರು. ನಾನು ಎರಡೆರಡು ಬಟ್ಟಲು ಕುಡಿಯುತ್ತಿದ್ದೆ.

ಆಮೇಲೆ ಬೂದುಬಣ್ಣದ ಕುಡಿಕೆಯ ಚೂರುಗಳು ಬಂದವು. ಅಂಕಲ್ ಅವನ್ನು ಒಂದು ಶೂ ಡಬ್ಬಿಯಲ್ಲಿ ಹಾಕಿಕೊಟ್ಟಿದ್ದರು. ಮೊದಲ ಚೂರು ಕೈಗೆ ತೆಗೆದುಕೊಂಡಾಗಲೇ ಏನೋ ಸರಿಯಿಲ್ಲ ಅನ್ನಿಸಿತು. ಮಣ್ಣಿನಲ್ಲಿ ಸಾವಿರಾರು ವರ್ಷ ಕಳೆದ ಬೋಕಿಯ ಅಂಚು ಸವೆದು ಮೊಂಡಾಗಿರುತ್ತದೆ, ಒಡಕಿನ ಬಣ್ಣವೂ ಮೈಬಣ್ಣದಷ್ಟೇ ಮಾಸಿರುತ್ತದೆ. ಇದರ ಅಂಚು ಹರಿತವಾಗಿತ್ತು, ಒಡಕು ಮುರಿದ ಬಿಸ್ಕತ್ತಿನಂತೆ ತಿಳಿಯಾಗಿತ್ತು. ಎರಡನೆಯದೂ ಹಾಗೆಯೇ. ಮರಳು ತುಂಬಿದ ತಟ್ಟೆಯಲ್ಲಿ ನಿಲ್ಲಿಸಿ ಜೋಡಿಸುತ್ತಾ ಹೋದೆ. ಎಲ್ಲ ಚೂರುಗಳೂ ಒಂದಕ್ಕೊಂದು ಕೂಡಿದವು, ಒಂದೂ ಕಡಿಮೆ ಇರಲಿಲ್ಲ. ಹಾಗೆ ಆಗುವುದಿಲ್ಲ. ಹಳೆಯ ಮಡಕೆ ಒಡೆದರೆ ಯಾವುದಾದರೂ ಚೂರು ಕಳೆದೇ ಇರುತ್ತದೆ. ಒಂದು ಕಡೆ ಮಾತ್ರ, ಭುಜದ ಹತ್ತಿರ, ಎಲ್ಲ ಬಿರುಕುಗಳೂ ಹೊರಡುವ ಒಂದು ಜಾಗವಿತ್ತು. ಅಲ್ಲಿ ಸುತ್ತಿಗೆಯ ತುದಿಯಷ್ಟು ಅಗಲದ ನಜ್ಜು.

ಮಧ್ಯಾಹ್ನ ಅಂಕಲ್ ಬಂದಾಗ ತಟ್ಟೆಯನ್ನು ತೋರಿಸಿದೆ. ಅವರು ಜೋಡಿಸಿದ್ದನ್ನು ಮೆಚ್ಚಿಕೊಂಡರು. ಇದು ಈಚೆಗೆ ಒಡೆದದ್ದು ಎಂದೆ. ಅವರು ಹೌದೆಂದು ಸಲೀಸಾಗಿ ಒಪ್ಪಿಕೊಂಡರು. ಟವೆಲ್ಲಿನಲ್ಲಿ ಸುತ್ತಿ ಇಲ್ಲೇ ನೆಲದ ಮೇಲಿಟ್ಟು ಒಡೆದೆ, ಚೂರು ಹಾರಬಾರದಲ್ಲ ಎಂದರು. ಇಡೀ ಕುಡಿಕೆಯಾದರೆ ಒಂದೇ ಶಾಲೆಗೆ ಹೋಗುತ್ತದೆ, ಚೂರಾದರೆ ಎಷ್ಟೋ ಶಾಲೆಗಳ ಮಕ್ಕಳು ಮುಟ್ಟಬಹುದು ಎಂಬುದು ಅವರ ಲೆಕ್ಕ. ಇಷ್ಟು ಕಾಲ ಒಡೆಯದೆ ಉಳಿದದ್ದು ಎಂದೆ. ಅವರು ನನ್ನ ಭುಜ ತಟ್ಟಿ, "ನೀನು ಮ್ಯೂಸಿಯಂನವರ ಹಾಗೆ ಯೋಚನೆ ಮಾಡ್ತೀ. ಟೀಚರ್ ಹಾಗೆ ಯೋಚನೆ ಮಾಡು," ಎಂದರು. ಗಾಜಿನ ಹಿಂದೆ ಇಟ್ಟು ಯಾರಿಗೆ ಉಪಕಾರ ಎಂದೂ ಕೇಳಿದರು. ಅದು ಪೂರ್ತಿ ತಪ್ಪು ಮಾತಲ್ಲ. ಹಾಗಾಗಿಯೇ ನನಗೆ ಹೇಸಿಗೆ ಎನಿಸಿದ್ದು ಸ್ವಲ್ಪ ತಡವಾಗಿ, ಅವರು ಒಳಗೆ ಹೋದ ಮೇಲೆ.

ದಾಖಲೆಗೆಂದು ಚೂರುಗಳನ್ನು ಮತ್ತೆ ಒಂದೊಂದಾಗಿ ಬಿಡಿಸಿ ನೋಡುತ್ತಾ, ತಳದ ಚೂರನ್ನು ಕೊನೆಗೆ ತೆಗೆದುಕೊಂಡೆ. ಒಳಮೈಯಲ್ಲಿ ಬೂದುಬಣ್ಣದ ಪೊರೆ ಗಟ್ಟಿಯಾಗಿ ಕಚ್ಚಿತ್ತು, ಅದರಲ್ಲಿ ಬಿಳಿಯ ಸಣ್ಣ ಚೂರುಗಳು ಹೂತಿದ್ದವು. ಯಾರೋ ಬ್ರಷ್ಷಿನಿಂದ ಉಜ್ಜಿ ಬಿಟ್ಟ ಗೀರುಗಳಿದ್ದವು. ನಾನು ಅದನ್ನು ದೀಪಕ್ಕೆ ಹಿಡಿದು ನೋಡಿದೆ. ಆಮೇಲೆ ಮೇಜಿನ ಮೇಲಿಟ್ಟು ಕೈ ಹಿಂತೆಗೆದುಕೊಂಡೆ.

ಸುಟ್ಟ ಎಲುಬು ನನಗೆ ಪುಸ್ತಕದಿಂದ ಗೊತ್ತಿದ್ದದ್ದಲ್ಲ. ನಾನು ಒಬ್ಬಳೇ ಮಗಳು. ಅಪ್ಪ ತೀರಿಕೊಂಡಾಗ ಅಸ್ಥಿ ಸಂಚಯಕ್ಕೆ, ಅಂದರೆ ಚಿತೆ ಆರಿದ ಮೇಲೆ ಎಲುಬು ಆರಿಸುವುದಕ್ಕೆ, ಮೈಸೂರಿನ ಸ್ಮಶಾನಕ್ಕೆ ನಾನೇ ಹೋಗಿದ್ದೆ. ಪುರೋಹಿತರು ಬೂದಿಯ ಮೇಲೆ ಹಾಲು ನೀರು ಚಿಮುಕಿಸಿ, ಕಾಲಿನ ಕಡೆಯಿಂದ ಶುರು ಮಾಡಮ್ಮ, ತಲೆ ಕೊನೆಗೆ ಎಂದಿದ್ದರು. ಎಲುಬು ಹಗುರ, ಒಣಗಿದ ಸುಣ್ಣದಂತೆ, ಮೇಲೆ ಕಮಾನು ಕಮಾನಾಗಿ ಸಣ್ಣ ಬಿರುಕು, ಮುರಿದ ಕಡೆ ನಸುನೀಲಿ. ಕುಡಿಕೆಗೆ ಹಾಕಿದರೆ ಪಿಂಗಾಣಿಯ ಸದ್ದು. ಇಲ್ಲಿ ಆಸ್ಟ್ರೇಲಿಯಾದಲ್ಲಿ ಅದನ್ನು ಪುಡಿ ಮಾಡಿ ಡಬ್ಬಿಯಲ್ಲಿ ಕೊಡುತ್ತಾರೆ, ಮನೆಯವರು ಎಲುಬನ್ನು ನೋಡುವುದೇ ಇಲ್ಲ. ಅಂಕಲ್ ಆಂಟಿ ನೋಡಿರಲಿಕ್ಕಿಲ್ಲ. ನಾನು ನೋಡಿದ್ದೆ. ಆ ತಳದ ಚೂರಿನಲ್ಲಿದ್ದದ್ದು ಅದೇ ಬಿಳುಪು, ಅದೇ ನೀಲಿ, ಅದೇ ಕಮಾನಿನ ಬಿರುಕು. ರೋಮನ್ನರು ಸತ್ತವರನ್ನು ಸುಟ್ಟು, ಮನೆಯ ಅಡುಗೆ ಕುಡಿಕೆಯಲ್ಲೇ ಎಲುಬು ತುಂಬಿ ಹೂಳುತ್ತಿದ್ದದ್ದು ಸಾಮಾನ್ಯ. ಇದು ಅಂಥದೊಂದು. ಗಂಡೋ ಹೆಣ್ಣೋ ಗೊತ್ತಿಲ್ಲ. ಒಬ್ಬರು.

ಆಂಟಿ ಆಗಷ್ಟೇ ಊಟಕ್ಕೆ ಕರೆಯಲು ಬಂದಿದ್ದರು. ಈ ಕುಡಿಕೆ ತಂದಾಗ ಒಳಗೆ ಏನಾದರೂ ಇತ್ತೇ ಎಂದು ಕೇಳಿದೆ. ಅವರು ಸೆರಗಿಗೆ ಕೈ ಒರೆಸಿಕೊಂಡು, ಮಣ್ಣು ಬೂದಿ ಇತ್ತು, ಇವರು ಪೇಪರಿನ ಮೇಲೆ ಸುರಿದಿದ್ದರು ಎಂದರು. ಅದು ಏನಾಯಿತು ಎಂದೆ.

"ಎಂತ ಆಗ್ಲಿಕ್ಕೆ? ಕರಿಬೇವಿಗೆ ಹಾಕಿದೆ. ಬೂದಿ ಅಲ್ವಾ, ಬಿಸಾಡ್ಲಿಕ್ಕುಂಟಾ? ನೋಡು ಹೇಗೆ ಚಿಗುರಿದೆ."

ನಾನು ಗಿಡದಿಂದ ಹಿಂದೆ ಸರಿದದ್ದನ್ನು ಅವರು ಬೇರೆ ರೀತಿ ಅರ್ಥ ಮಾಡಿಕೊಂಡರು. ಮಡಕೆಗೆ ಮುಸುರೆ ಉಂಟು, ಬೂದಿಗೆ ಇಲ್ಲ, ಪಾತ್ರೆ ತಿಕ್ಕುವುದೇ ಬೂದಿಯಲ್ಲಿ ಎಂದು ಸಮಾಧಾನ ಹೇಳಿದರು. ಊರಿನಲ್ಲಿ ಅವರ ಅತ್ತೆ ಒಲೆಯ ಬೂದಿಯನ್ನು ಕರಿಬೇವಿನ ಬುಡಕ್ಕೇ ಹಾಕುತ್ತಿದ್ದರಂತೆ. ಇಲ್ಲಿ ಗ್ಯಾಸಿನ ಒಲೆ, ಬೂದಿ ಎಲ್ಲಿಂದ ಬರಬೇಕು. ಸಿಕ್ಕಿದ್ದನ್ನು ಬಿಡಬಾರದೆಂದು ಹಾಕಿದ್ದರು. ನನ್ನ ಕಣ್ಣು ಪ್ಲಾಸ್ಟಿಕ್ ಹಾಳೆಯೊಳಗೆ ಹೊಳೆಯುತ್ತಿದ್ದ ಎಲೆಗಳ ಮೇಲಿತ್ತು. ಮಜ್ಜಿಗೆಯ ಹುಳಿ, ತೆಂಗಿನಕಾಯಿಯ ಸಿಹಿ, ಎಲೆಯ ಕಹಿ ಒಂದೊಂದಾಗಿ ನಾಲಿಗೆಯ ಮೇಲೆ ಬಂದವು. ತಲೆನೋವೆಂದು ಹೇಳಿ ಊಟ ಬಿಟ್ಟೆ. ಹೊರಗೆ ಹೋಗಿ ಬೇಲಿಯ ಪಕ್ಕ ಬಗ್ಗಿ ನಿಂತೆ. ಗಾಳಿ ಅವತ್ತು ಕೊಳಚೆಯ ಹೊಂಡಗಳ ಕಡೆಯಿಂದ ಬೀಸುತ್ತಿತ್ತು. ಆ ವಾಸನೆಯೇ ಶುಚಿಯಾಗಿದೆ ಅನ್ನಿಸಿತು.

ಆಂಟಿಗೆ ಹೇಳಲು ಧೈರ್ಯ ಬರಲಿಲ್ಲ. ಅಂಕಲ್‌ಗೆ ಹೇಳಿದೆ. ಅವರು ತಳದ ಚೂರನ್ನು ಕನ್ನಡಕ ಎತ್ತಿ ನೋಡಿದರು. ಅವರಿಗೆ ಮೊದಲೇ ಗೊತ್ತಿತ್ತೋ ಇಲ್ಲವೋ, ಇವತ್ತಿಗೂ ನಾನು ಹೇಳಲಾರೆ. ಮುಖದಲ್ಲಿ ಆಶ್ಚರ್ಯ ಕಾಣಲಿಲ್ಲ ಎಂದಷ್ಟೇ ಹೇಳಬಲ್ಲೆ. ಇದು ಮನುಷ್ಯರ ಎಲುಬು, ಯಾವುದಾದರೂ ಮ್ಯೂಸಿಯಮ್ಮಿಗೋ ಪೊಲೀಸರಿಗೋ ತಿಳಿಸಬೇಕು ಎಂದೆ. ಎರಡು ಸಾವಿರ ವರ್ಷದ ಹೆಣಕ್ಕೆ ಯಾವ ಪೊಲೀಸ್ ಬರುತ್ತಾನೆ ಎಂದರು. ದಾಖಲೆಯಲ್ಲಿ ಅಡುಗೆ ಕುಡಿಕೆ ಎಂದು ಬರೆದರೆ ಸುಳ್ಳೇನೂ ಆಗುವುದಿಲ್ಲವಲ್ಲ, ಅದು ಹುಟ್ಟಿದ್ದೇ ಅಡುಗೆಗೆ ಎಂದೂ ವಾದಿಸಿದರು. ನಾನು ಗುರುತಿಸುವವಳು, ನನ್ನ ಹೆಸರು ಇರುತ್ತದೆ, ಅರ್ಧ ನಿಜ ಬರೆಯಲಾರೆ ಎಂದೆ. ಅವರು ಚೂರನ್ನು ಮೇಜಿನ ಮೇಲಿಟ್ಟು ಒಳಗೆ ಹೋದರು. ಅಂದು ಪ್ರತಿ ಚೂರಿನ ದಾಖಲೆಯಲ್ಲೂ ಬರೆದೆ: ಅಡುಗೆ ಕುಡಿಕೆ, ಸತ್ತವರ ಎಲುಬು ಬೂದಿ ಇಟ್ಟು ಹೂಳಲು ಬಳಸಿದ್ದು, ಒಡೆದದ್ದು ಇತ್ತೀಚೆಗೆ. ಕೆಲಸ ಹೋಯಿತು ಎಂದೇ ಮಲಗಿದೆ. ಹರೀಶನಿಗೆ ಫೋನಿನಲ್ಲಿ ಹೇಳಿದಾಗ, ವಾಪಸ್ ಬಂದುಬಿಡು ಎಂದ. ಕರಿಬೇವಿನ ವಿಷಯ ಅವನಿಗೂ ಹೇಳಲಿಲ್ಲ.

ಕೆಲಸ ಹೋಗಲಿಲ್ಲ. ಬೆಳಿಗ್ಗೆ ಅಂಕಲ್ ಕಾಫಿಯ ಲೋಟ ಹಿಡಿದು ಗ್ಯಾರೇಜಿಗೆ ಬಂದರು, ಮುಖ ಅರಳಿತ್ತು. ರಾತ್ರಿ ನನ್ನ ದಾಖಲೆ ಓದಿದ್ದರು.

"ನೀನು ಬರೆದದ್ದೇ ಸರಿ ವಸುಧಾ. ಅಡುಗೆ ಪಾತ್ರೆಯನ್ನು ಯಾರು ಕೇಳ್ತಾರೆ? ರಿಯಲ್ ರೋಮನ್ ಬರಿಯಲ್ ಅರ್ನ್, ಅಸ್ಥಿ ಕುಡಿಕೆ, ಅಂದ್ರೆ ಮಕ್ಕಳು ಬಿಡ್ತಾರಾ? ಒಂದೊಂದು ಪೆಟ್ಟಿಗೆಗೆ ಒಂದೊಂದು ಚೂರು ಎಲುಬೂ ಹಾಕುವ. ನಿನ್ನ ಮಾತನ್ನೇ ಲೇಬಲ್‌ಗೆ ಹಾಕ್ತೇನೆ, ನಿನ್ನ ಹೆಸರು ಸಮೇತ."

ಸುಳ್ಳು ಬರೆಸುತ್ತಾರೆಂದು ಹೆದರಿದ್ದೆ. ನಿಜವನ್ನು ಇಷ್ಟು ಖುಷಿಯಿಂದ ಕೈಗೆತ್ತಿಕೊಳ್ಳುತ್ತಾರೆಂದು ಊಹಿಸಿರಲಿಲ್ಲ. ಒಂದು ಬಟ್ಟೆಯಲ್ಲಿ ಸುತ್ತಿ ಎತ್ತಿಡಬೇಕಾದದ್ದನ್ನು ನಾನೇ ಹೆಸರು ಕೊಟ್ಟು ಅಂಗಡಿಗೆ ಇಳಿಸಿದ್ದೆ ಅನ್ನಿಸಿತು. ಬೇಡ ಎಂದೆ. ಇನ್ನೊಮ್ಮೆಯೂ ಬೇಡ ಎಂದೆ. ಅವರು ಕಾಫಿ ಆರುತ್ತದೆ ಎಂದು ಹೇಳಿ ಲೋಟವನ್ನು ನನ್ನ ಮುಂದೆ ಇಟ್ಟರು.

ತಳದ ಚೂರಿನಲ್ಲಿ ಕಚ್ಚಿದ್ದ ಎಲುಬು ಅಷ್ಟು ಪೆಟ್ಟಿಗೆಗಳಿಗೆ ಸಾಲುತ್ತಿರಲಿಲ್ಲ. ಉಳಿದದ್ದು ಎಲ್ಲಿದೆಯೆಂದು ಅವರಿಗೆ ಗೊತ್ತಿತ್ತು. ಎರಡು ದಿನದ ಮೇಲೆ ಬೆಳಿಗ್ಗೆ ಆಂಟಿ ಸ್ನಾನ ಮುಗಿಸಿ ಒಗ್ಗರಣೆಗೆ ಒಂದು ಕಡ್ಡಿ ಕರಿಬೇವು ಮುರಿಯಲು ಗ್ಯಾರೇಜಿಗೆ ಬಂದಾಗ, ಅಂಕಲ್ ಕುಂಡದ ಪಕ್ಕ ಮೊಣಕಾಲೂರಿ, ಬುಡದ ಮಣ್ಣನ್ನು ಹಿಟ್ಟಿನ ಜರಡಿಯಲ್ಲಿ ಹಾಕಿ ಅಲ್ಲಾಡಿಸುತ್ತಿದ್ದರು. ಪಕ್ಕದಲ್ಲಿ ಸ್ಟೀಲಿನ ಬಟ್ಟಲು, ಅದರಲ್ಲಿ ಬಿಳಿ ಚೂರುಗಳು. ಆಂಟಿ ಮೊದಲು ನೋಡಿದ್ದು ಜರಡಿಯನ್ನು. ಏನು ಮಾಡುತ್ತಿದ್ದೀರಿ ಎಂದು ತುಳುವಿನಲ್ಲಿ ಕೇಳಿದರು. ಅಂಕಲ್ ತುಳುವಿನಲ್ಲೇ, ತಲೆ ಎತ್ತದೆ, ನಗುವ ದನಿಯಲ್ಲಿ ವಿವರಿಸಿದರು. ನನಗೆ ತುಳು ಬರುವುದಿಲ್ಲ. ಯಾವ ಮಾತಿಗೆ ಆಂಟಿಗೆ ಅರ್ಥವಾಯಿತೆಂದು ಅವರ ಕೈಯಿಂದ ತಿಳಿಯಿತು. ಮುರಿದಿದ್ದ ಕಡ್ಡಿಯನ್ನು ಅವರು ನೆಲಕ್ಕೆ ಬಿಟ್ಟರು.

ಅವರು ಕೂಗಾಡಲಿಲ್ಲ. ಒಳಗೆ ಹೋದರು. ಬಹಳ ಹೊತ್ತು ನೀರು ಬೀಳುವ ಸದ್ದು ಕೇಳಿತು. ತಲೆಗೆ ಸ್ನಾನ ಮಾಡಿ, ಒದ್ದೆ ಕೂದಲನ್ನು ಗಂಟು ಹಾಕಿ, ಆ ಚಳಿಯಲ್ಲಿ ಬರಿಗಾಲಿನಲ್ಲಿ ವಾಪಸು ಬಂದು ಗಂಡನ ಮುಂದೆ ಕೈ ಚಾಚಿದರು. ಬಟ್ಟಲು ಕೊಡಿ ಎಂದರು. ಅಂಕಲ್ ಅದು ಸ್ಟಾಕ್, ಆರ್ಡರ್ ಬಂದಾಗಿದೆ ಎಂದರು. ಆಂಟಿ ಕೈ ಹಿಂತೆಗೆಯಲಿಲ್ಲ. ನನಗೂ ತಿಳಿಯಲಿ ಎಂದೋ ಏನೋ, ಈ ಬಾರಿ ಕನ್ನಡದಲ್ಲಿ ಕೇಳಿದರು.

"ನಾಳೆ ನನ್ನ ಎಲುಬನ್ನು ಯಾವ ಶಾಲೆಗೆ ಕಳಿಸ್ತೀರಿ?"

ಅಂಕಲ್ ನಗಲು ನೋಡಿದರು, ಆಗಲಿಲ್ಲ. ಬಟ್ಟಲು ಕೊಟ್ಟು, ಜರಡಿ ನೆಲದಲ್ಲೇ ಬಿಟ್ಟು ಒಳಗೆ ಹೋದರು.

ತಳದ ಚೂರಿನ ಎಲುಬನ್ನು ನಾನು ಬಿದಿರಿನ ಕಡ್ಡಿಯಿಂದ ಮೆಲ್ಲಗೆ ಬಿಡಿಸಿದೆ. ಕುಂಡದ ಉಳಿದ ಮಣ್ಣನ್ನು ಇಬ್ಬರೂ ಕೂತು ಕೈಯಲ್ಲಿ ಹುಡುಕಿದೆವು. ಬೇರಿನ ಕೂದಲುಗಳು ಎಲುಬಿನ ರಂಧ್ರಗಳೊಳಗೆ ಹೊಕ್ಕಿದ್ದವು, ಅವನ್ನು ಬಿಡಿಸಬೇಕಾಯಿತು. ಆ ಸ್ಪರ್ಶ ನನ್ನ ಬೆರಳಿನಲ್ಲಿ ಇನ್ನೂ ಇದೆ. ಇದನ್ನು ಮತ್ತೆ ಮಣ್ಣಿನಲ್ಲೇ ಇಡಬೇಕು, ರೋಮನ್ನರ ಪದ್ಧತಿ ಅದು, ನ್ಯಾಯವಾಗಿ ಕುಡಿಕೆಯ ಜೊತೆ ಯಾವುದಾದರೂ ಸಂಸ್ಥೆಗೆ ಸೇರಬೇಕು ಎಂದು ನಾನು ಹೇಳಿದೆ. ಆಂಟಿ ಕೇಳಿಸಿಕೊಂಡರು. ಅವರ ಕ್ರಮ ನಮಗೆ ಗೊತ್ತಿಲ್ಲ, ಇವರ ಕೈಗೆ ಮತ್ತೆ ಸಿಗಬಾರದು, ನಮ್ಮದು ಮಾಡುವ ಎಂದರು. ವೆರಿಬೀ ಸೌತಿನ ಕಡಲತೀರಕ್ಕೆ ಅವರೇ ಕಾರು ಓಡಿಸಿದರು. ಮೀನು ಹಿಡಿಯುವವರು ಇಬ್ಬರು ದೂರದಲ್ಲಿ ನಿಂತಿದ್ದರು. ನೀರು ಮಂಡಿಯವರೆಗೆ ಬಂದಾಗ ಆಂಟಿ ನಿಂತು, ಗೋತ್ರ ಗೊತ್ತಿಲ್ಲದವರಿಗೆ ಕಾಶ್ಯಪ ಗೋತ್ರ ಹೇಳುತ್ತಾರೆ ಎಂದು ನನಗೆ ತಿಳಿಸಿ, ಮೆಲ್ಲಗೆ ಕಾಶ್ಯಪ ಗೋತ್ರದ ಎಂದರು. ಹೆಸರಿನ ಜಾಗವನ್ನು ಖಾಲಿ ಬಿಟ್ಟರು. ಆಮೇಲೆ ಬಟ್ಟಲನ್ನು ಬಗ್ಗಿಸಿದರು. ಎಲುಬು ತಕ್ಷಣ ಮುಳುಗಲಿಲ್ಲ, ಬೂದಿ ನಮ್ಮ ಕಾಲುಗಳ ಸುತ್ತ ಬಂದು ನಿಂತಿತು.

ಅಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬೇರೆ ರೀತಿ ನೆನೆಯುತ್ತಿದ್ದೆ. ಕೆಲವು ದಿನಗಳ ಮೇಲೆ ಬೆಳಿಗ್ಗೆ ಗ್ಯಾರೇಜಿಗೆ ಬಂದರೆ ಕೊಬ್ಬು ಕರಕಾದ ವಾಸನೆ. ಹಿತ್ತಲಿಗೆ ಹೋದೆ. ಅಂಕಲ್ ಹೊಸ ಬಾರ್ಬೆಕ್ಯೂ ಒಲೆಯೊಂದರ ಮುಂದೆ ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ನಿಂತಿದ್ದರು. ಮೊಟ್ಟೆಯನ್ನೂ ಮನೆಯೊಳಗೆ ಬಿಡದವರು. ಜಾಲರಿಯ ಮೇಲೆ ಕುರಿಯ ಎಲುಬುಗಳು ಬಿಳಿಯಾಗುತ್ತಿದ್ದವು. ಅವರು ಇಕ್ಕಳದಿಂದ ಒಂದನ್ನು ತಿರುಗಿಸಿ, ಕಣ್ಣಿನಲ್ಲಿ ನೀರು ತುಂಬಿಕೊಂಡು, ಆರ್ಡರ್ ಹೋಗಬೇಕಲ್ಲ ಎಂದರು. ಮಕ್ಕಳಿಗೆ ಏನು ಗೊತ್ತಾಗುತ್ತದೆ ಎಂದೂ ಹೇಳಿದರು. ಲೇಬಲ್ಲುಗಳು ಆಗಲೇ ಮುದ್ರಣವಾಗಿ ಬಂದಿದ್ದವು. ನನ್ನ ವಾಕ್ಯವೇ, ಇಂಗ್ಲಿಷಿನಲ್ಲಿ. ಒಡೆದದ್ದು ಇತ್ತೀಚೆಗೆ ಎಂಬ ಮಾತು ಮಾತ್ರ ಇರಲಿಲ್ಲ. ಕೆಳಗೆ, ಗುರುತಿಸಿದವರು ಎಂಬಲ್ಲಿ, ನನ್ನ ಪೂರ್ತಿ ಹೆಸರು.

ನಾನು ಒಳಗೆ ಓಡಿದೆ. ಆಂಟಿ ಅಡುಗೆಮನೆಯ ಕಿಟಕಿಯಲ್ಲಿ ನಿಂತಿದ್ದರು, ಎಲ್ಲವನ್ನೂ ನೋಡಿದ್ದರು. ಏನಾದರೂ ಹೇಳುತ್ತಾರೆಂದು ಕಾದೆ. ಅವರು ಪರದೆ ಎಳೆದರು.

"ಅದು ಕುರಿದಲ್ವಾ," ಎಂದರು. "ಮನುಷ್ಯರದ್ದಲ್ಲ ಅಲ್ವಾ. ನೀನು ತಿಂಡಿಗೆ ಕೂತ್ಕೊ."

ನನ್ನ ಹೆಸರು ತೆಗೆಯಬೇಕೆಂದು ಅಂಕಲ್‌ಗೆ ಹೇಳಿದೆ. ಹ್ಞೂಂ ಎಂದರು. ಯಾವಾಗ ಎಂದೆ. ಮುಂದಿನ ಪ್ರಿಂಟಿನಲ್ಲಿ ಎಂದರು. ನಾನು ಲೇಬಲ್ಲುಗಳನ್ನು ಎತ್ತಿಕೊಂಡು ಹೋಗಿ ಬಟ್ಟೆ ಒಗೆಯುವ ತೊಟ್ಟಿಯಲ್ಲಿ ನೀರಿಗೆ ಹಾಕಿದೆ, ಉಜ್ಜಿದೆ, ಮುದ್ದೆ ಮಾಡಿದೆ. ಅವರು ಬಾಗಿಲಲ್ಲಿ ನಿಂತು, ಫೈಲ್ ಕಂಪ್ಯೂಟರಿನಲ್ಲಿ ಉಂಟು ಮಾರಾಯ್ತಿ ಎಂದು ಬೇಸರದಿಂದ ಹೇಳಿ ಹೋದರು. ಅಂದೇ ಸಿಡ್ನಿಗೆ ಹೊರಟೆ. ಏರ್‌ಪೋರ್ಟಿಗೆ ಬಿಡಲು ಬಂದವರೂ ಅವರೇ; ಇಳಿಸುವಾಗ ಬ್ಯಾಗನ್ನು ತಾವೇ ಎತ್ತಿ ಕೊಟ್ಟರು, ಹರೀಶನನ್ನು ಕೇಳಿದೆ ಎಂದು ಹೇಳಲು ಹೇಳಿದರು. ಅವರಿಗೆ ನನ್ನ ಮೇಲೆ ಸಿಟ್ಟು ಇರಲೇ ಇಲ್ಲ. ಅದನ್ನು ನೆನೆದರೆ ಈಗಲೂ ಮೈ ತೊಳೆದುಕೊಳ್ಳಬೇಕು ಅನ್ನಿಸುತ್ತದೆ.

ಪೆಟ್ಟಿಗೆ ತರಿಸಿಕೊಂಡ ಶಾಲೆಗಳ ಹೆಸರುಗಳನ್ನು ಕಂಪನಿಯ ವೆಬ್‌ಸೈಟಿನಲ್ಲಿ ಹೆಮ್ಮೆಯಿಂದ ಹಾಕಿದ್ದರು. ಒಂದೊಂದಕ್ಕೂ ಇಮೇಲ್ ಬರೆದೆ. ಕುಡಿಕೆ ನಿಜವಾದದ್ದು, ಆದರೆ ಸುತ್ತಿಗೆಯಿಂದ ಒಡೆದದ್ದು, ಎಲುಬು ಕುರಿಯದು, ಗುರುತಿಸಿದವಳು ನಾನೇ, ಆ ಲೇಬಲ್ಲನ್ನು ನಾನು ಒಪ್ಪುವುದಿಲ್ಲ, ದಯವಿಟ್ಟು ಮಕ್ಕಳಿಗೆ ತಿಳಿಸಿ. ಸಾಧ್ಯವಾದಷ್ಟು ಸರಳವಾಗಿ, ಯಾರನ್ನೂ ಬೈಯದೆ ಬರೆದಿದ್ದೆ. ಬಹಳ ದಿನ ಯಾರಿಂದಲೂ ಉತ್ತರವಿಲ್ಲ. ಕೊನೆಗೆ ದೂರದ ಊರಿನ ಟೀಚರ್ ಒಬ್ಬರಿಂದ ಬಂತು. ತುಂಬ ವಿನಯದ ಉತ್ತರ. ತಿಳಿಸಿದ್ದಕ್ಕೆ ವಂದನೆ ಹೇಳಿದ್ದರು. ಆ ಪೆಟ್ಟಿಗೆ ತಮ್ಮ ತರಗತಿಗೆ ಬಹಳ ಹಿಡಿಸಿದೆ, ಎಲುಬನ್ನು ಕೈಯಲ್ಲಿ ಹಿಡಿಯಲು ಮಕ್ಕಳು ಸಾಲು ನಿಲ್ಲುತ್ತಾರೆ, ಸತ್ತ ಆ ರೋಮನ್ ಮನುಷ್ಯನಿಗೆ ಅವರೇ ಒಂದು ಹೆಸರನ್ನೂ ಇಟ್ಟಿದ್ದಾರೆ ಎಂದು ಬರೆದಿದ್ದರು. ಆದ್ದರಿಂದ ಈ ವಿಷಯವನ್ನು ಅವರಿಗೆ ಹೇಳದಿರಲು ತೀರ್ಮಾನಿಸಿದ್ದೇವೆ, ನೀವು ಅರ್ಥ ಮಾಡಿಕೊಳ್ಳುತ್ತೀರಿ ಎಂದು ನಂಬಿದ್ದೇವೆ. ಹಾಗೆಂದು ಮುಗಿಸಿ, ಹೆಸರು ಏನೆಂದು ಕೊನೆಯಲ್ಲಿ ತಿಳಿಸಿದ್ದರು. ನಾನು ಆ ಸಾಲನ್ನು ಓದಲಿಲ್ಲ. ಬೆರಳಿನಿಂದ ಫೋನಿನ ಪರದೆಯನ್ನು ಮುಚ್ಚಿ ಹಿಡಿದು, ಇಮೇಲನ್ನು ಅಳಿಸಿಹಾಕಿದೆ.